ತೂತಿಲ್ಲದ ದೋಣಿ, ಗುಳ್ಳೆಯಿಲ್ಲದ ಅಂಟು

ಕಯಾಕ್ ಅನ್ನೋ ಪುಟ್ಟ ಪ್ಲಾಸ್ಟಿಕ್ ದೋಣಿಯ ತಳಕ್ಕೆ ತೂತು ಕೊರೆಯದೇನೇ ಫಿಶ್ ಫೈಂಡರ್ ಕೂರಿಸಬಹುದು, ಗೊತ್ತಾ? ಟ್ರಾನ್ಸ್‌ಡ್ಯೂಸರನ್ನು ಒಳಗಡೆಯೇ ಅಂಟಿಸಿದರಾಯ್ತು. ಸದ್ದು ಪ್ಲಾಸ್ಟಿಕ್ ದಾಟಿ ನೀರಿಗಿಳಿದು, ಮೀನಿಗೆ ಬಡಿದು ವಾಪಸ್ ಬರುತ್ತೆ. ಆದರೆ ಅಂಟಿನಲ್ಲಿ ಗಾಳಿಗುಳ್ಳೆ ಇರಕೂಡದು. ಇದ್ದರೆ ಸದ್ದು ಅಲ್ಲಿಂದಲೇ ತಿರುಗಿಬಿಡುತ್ತೆ!

ಈ ಸದ್ದಿನ ಕಥೆ ಹಳೇದು. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್, ನೀರೊಳಗೆ ಬಾರಿಸಿದ ಗಂಟೆಯನ್ನು ಮೈಲಿಗಟ್ಟಲೆ ದೂರದಿಂದ ಕೊಳವೆಯಿಟ್ಟು ಕೇಳಿದ. ವೇಗ ಸೆಕೆಂಡಿಗೆ 1435 ಮೀಟರ್ ಅಂತ ಲೆಕ್ಕ ಸಿಕ್ಕಿತು. 1880ರಲ್ಲಿ ಕ್ಯೂರಿ ಸಹೋದರರು, ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳನ್ನು ಗುರುತಿಸಿದರು. ಆಗ ಅದೊಂದು ಪ್ರಯೋಗಶಾಲೆಯ ಚಮತ್ಕಾರ, ಅಷ್ಟೇ.

ಅದಕ್ಕೆ ಕೆಲಸ ಕೊಟ್ಟಿದ್ದು ಯುದ್ಧ. ಜರ್ಮನ್ ಸಬ್‌ಮರೀನುಗಳು ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜೆವಿನ್ 1917ರಲ್ಲಿ ಸ್ಫಟಿಕದಿಂದ ನೀರೊಳಗೆ ಸದ್ದು ಕಳಿಸಿ, ಮರುದನಿಯನ್ನೂ ಕೇಳತೊಡಗಿದ. ಸ್ಫಟಿಕವನ್ನು ಎರಡು ಉಕ್ಕಿನ ತಟ್ಟೆಗಳ ಮಧ್ಯೆ ಅಂಟಿಸಿದ್ದು ಅವನ ಉಪಾಯ. (ಅಂಟಿನ ತಲೆನೋವು ಅವತ್ತಿಂದಲೇ ಅನ್ನಿ!)

ಜಪಾನಿನ ನಾಗಸಾಕಿ ಪ್ರಾಂತದಲ್ಲಿ ಮೀನುದೋಣಿಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ಫುರುನೊ ಸಹೋದರರು 1948ರಲ್ಲಿ ಇದನ್ನೇ ಮೀನಿನ ಕಡೆ ತಿರುಗಿಸಿದರು. ಶತ್ರುವನ್ನು ಹುಡುಕಿದ ವಿದ್ಯೆ ಊಟ ಹುಡುಕಿತು.

ನಂಗೆ ಮಜಾ ಅನ್ನಿಸಿದ್ದು ಇದು: ಬಹಳಷ್ಟು ಮೀನುಗಳಲ್ಲಿ ಮರುದನಿ ಜೋರಾಗಿ ಬರೋದು ಮಾಂಸದಿಂದಲ್ಲ, ಹೊಟ್ಟೆಯೊಳಗಿನ ಗಾಳಿಚೀಲದಿಂದ. ಅಂಟಿನಲ್ಲಿ ಬೇಡವಾದ ಗಾಳಿಯೇ ಮೀನನ್ನು ಹಿಡಿದುಕೊಡುತ್ತೆ. ಅಂಟಿಸೋ ಮುಂಚೆ ದೋಣಿಯೊಳಗೆ ಒಂದಿಷ್ಟು ನೀರು ಹಾಕಿ, ಅದರಲ್ಲಿ ಟ್ರಾನ್ಸ್‌ಡ್ಯೂಸರ್ ಇಟ್ಟು ನೋಡಿ. ಕೆರೆಯ ತಳ ಪರದೆಯಲ್ಲಿ ಕಂಡರೆ ಜಾಗ ಸರಿಯಿದೆ ಅಂತ.