ಗ್ರಾಮ ಸಮೀಕ್ಷೆ (ಅರ್ಥಶಾಸ್ತ್ರ ಬೋಧನೆಯಲ್ಲಿ)

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹಳ್ಳಿಯ ಕ್ಷೇತ್ರಕಾರ್ಯದ ಮೂಲಕ ಸಂಶೋಧನೆ ಕಲಿಸುವ ಕ್ರಮ. ಗ್ರಂಥಗಳ ಸಿದ್ಧಾಂತಕ್ಕೂ ಸರ್ಕಾರಿ ಅಂಕಿಅಂಶಗಳಿಗೂ ಇದು ಪೂರಕ. ಭಾರತದಲ್ಲಿ ಇದರ ಆರಂಭಿಕ ಪ್ರಯೋಗಗಳಲ್ಲೊಂದು ಮದರಾಸು ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅಲ್ಲಿ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ 1916ರಲ್ಲಿ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಹಿಡುವಳಿ, ಬೆಳೆ, ಕೂಲಿ, ಸಾಲ, ಕಸುಬುಗಳ ವಿವರ ಕಲೆಹಾಕಲು ಹಳ್ಳಿಗಳಿಗೆ ಕಳುಹಿಸಿದರು. ವರದಿಗಳು 1918ರಲ್ಲಿ ‘ಸಮ್ ಸೌತ್ ಇಂಡಿಯನ್ ವಿಲೇಜಸ್’ ಎಂಬ ಗ್ರಂಥವಾಗಿ ಪ್ರಕಟವಾದವು. ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಸಂಪಾದಿಸಿದ ಮರುಸಮೀಕ್ಷೆ 1940ರಲ್ಲಿ ಹೊರಬಂತು. ಅದೇ ಊರುಗಳಿಗೆ ಮರಳುವುದರಿಂದ ದೀರ್ಘಕಾಲದ ಬದಲಾವಣೆಯನ್ನು ಅಳೆಯಬಹುದು. ಆದರೆ ಆಯ್ದ ಕೆಲವೇ ಹಳ್ಳಿಗಳ ಫಲಿತಾಂಶವನ್ನು ಇಡೀ ಪ್ರಾಂತಕ್ಕೆ ಅನ್ವಯಿಸಲಾಗದು. ಸ್ಲೇಟರ್ ವಿದ್ಯಾರ್ಥಿಗಳು ಸಮೀಕ್ಷೆ ಮಾಡಿದ ಹಳ್ಳಿಗಳಲ್ಲಿ ದಕ್ಷಿಣ ಆರ್ಕಾಟಿನ ಇರುವೇಲ್ಪಟ್ಟು ಮುಂದೆಯೂ ಹಲವು ಬಾರಿ ಅಧ್ಯಯನಕ್ಕೆ ಒಳಗಾಗಿದೆ.