ಸತ್ತ ದನ ಎಳೆದವನಿಗೆ ಮಾಲೀಕ ಯಾರು?

ಊರಲ್ಲಿ ದನ ಸತ್ತರೆ ಮೊದಲು ಗೊತ್ತಾಗ್ತಿದ್ದದ್ದು ಹದ್ದಿಗೆ, ಆಮೇಲೆ ನಮ್ಮ ಹಟ್ಟಿಗೆ ಅಂತ ನಮ್ಮಜ್ಜಿ ಹೇಳೋಳು. ದನದ ಮನೆಯ ಆಳು ಹಟ್ಟಿ ಬಾಗಿಲಲ್ಲಿ ನಿಂತು ಕೂಗಿ ಹೋಗೋನು. ತಾತ ಹಗ್ಗ, ಬಿದಿರ ಗಳ, ಕತ್ತಿ ತಗೊಂಡು ಇನ್ನಿಬ್ಬರನ್ನ ಕರ್ಕೊಂಡು ಹೊರಡೋನು. ಬರಿಗಾಲು, ಬರಿಗೈ. ಒಂದು ಸಲ ಹಾಗೆ ಹೋಗಿ ಬಂದ ಮೇಲೆ ತಾತನ ಮುಂಗೈ ಮೇಲೆ ಗುಳ್ಳೆ ಎದ್ದಿತು. ನೋವಿಲ್ಲ, ಕೀವಿಲ್ಲ. ನಾಲ್ಕು ದಿನಕ್ಕೆ ನಡುವೆ ಇದ್ದಿಲಿನ ಹಾಗೆ ಕಪ್ಪಗಾಯ್ತು. ಜೊತೆಗೆ ಹೋಗಿದ್ದವರಲ್ಲಿ ಒಬ್ಬ ಜ್ವರ ಬಂದು ತೀರಿಕೊಂಡ. ಮಾರಿ ಮುನಿದಳು ಅಂತ ಊರವರು ಅಂದರು. ತಾತ ಉಳ್ಕೊಂಡ, ಕಲೆ ಮಾತ್ರ ಸಾಯೋವರೆಗೂ ಇತ್ತು.

ಅದು ಯಾವ ರೋಗ ಅಂತ ಆಗ ಯಾರೂ ಪರೀಕ್ಷೆ ಮಾಡಲಿಲ್ಲ. ಮಾಡೋರು ಯಾರು? ಎಷ್ಟೋ ವರ್ಷ ಆದ್ಮೇಲೆ ಪಶುವೈದ್ಯ ಗೆಳೆಯನೊಬ್ಬನಿಗೆ ಈ ಕತೆ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, "ದನದ ಮೂಗಲ್ಲಿ ರಕ್ತ ಇತ್ತಂತಾ?" ಅಂತ ಕೇಳಿದ. ಅಜ್ಜಿ ಅದನ್ನೂ ಹೇಳಿದ್ದಳು. ಹೌದು, ಇತ್ತು.

ಆಂಥ್ರಾಕ್ಸ್. ನಮ್ಮ ಕಡೆ ನೆರಡಿ ರೋಗ ಅಂತಾರೆ. ಆಂಥ್ರಾಕ್ಸ್ ಅನ್ನೋ ಗ್ರೀಕ್ ಪದಕ್ಕೆ ಇದ್ದಿಲು ಅಂತಲೇ ಅರ್ಥ. ಆ ಕಪ್ಪು ಗಾಯ ನೋಡಿಯೇ ಇಟ್ಟ ಹೆಸರು. ಈ ರೋಗದಲ್ಲಿ ದನ ಇದ್ದಕ್ಕಿದ್ದ ಹಾಗೆ ಬಿದ್ದು ಸಾಯುತ್ತೆ, ಬೇಗ ಉಬ್ಬುತ್ತೆ, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತೆ. ಅಂಥ ದನವನ್ನು ಕೊಯ್ಯಲೇಬಾರದು. ಯಾಕಂದ್ರೆ ಕೊಯ್ದಾಗ ಒಳಗಿನ ರೋಗಾಣುವಿಗೆ ಗಾಳಿ ಸಿಗುತ್ತೆ, ಅದು ಗಟ್ಟಿ ಕವಚ ಕಟ್ಟಿಕೊಂಡು ಬೀಜಾಣು ಆಗುತ್ತೆ. ಆ ಬೀಜಾಣು ಮಣ್ಣಲ್ಲಿ ದಶಕಗಟ್ಟಲೆ ಬದುಕಿರುತ್ತೆ. ಸುಲಿಯೋನ ಕೈಯಲ್ಲಿ ಒಂದು ಸಣ್ಣ ತರಚು ಗಾಯ ಇದ್ರೆ ಸಾಕು.

ನಾನು ಈ ಪೋಸ್ಟ್ ಬರೀತಿರೋದು ರೋಗದ ಪಾಠ ಮಾಡೋಕಲ್ಲ. ಇದು ಕೆಲಸದಿಂದ ಬರೋ ರೋಗ ಅಂತ ಸರ್ಕಾರಗಳಿಗೆ ಯಾವಾಗ ಗೊತ್ತಾಯ್ತು, ಗೊತ್ತಾದ ಮೇಲೂ ನಮ್ಮ ಹಟ್ಟಿಗೆ ಆ ಸುದ್ದಿ ಯಾಕೆ ಬರಲಿಲ್ಲ ಅನ್ನೋದೇ ನನ್ನ ವಿಷಯ.

ಜರ್ಮನಿಯ ರಾಬರ್ಟ್ ಕಾಕ್ ಈ ರೋಗಾಣುವಿನ ಬದುಕಿನ ಚಕ್ರವನ್ನು ತೋರಿಸಿದ್ದು 1876ರಲ್ಲಿ. ಪಾಶ್ಚರ್ ಕುರಿ ದನಗಳಿಗೆ ಲಸಿಕೆ ಹಾಕಿ ಎಲ್ಲರ ಮುಂದೆ ತೋರಿಸಿದ್ದು 1881ರಲ್ಲಿ. ಇದೇ ಹೊತ್ತಿಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಲ್ಲಿ ಉಣ್ಣೆ ವಿಂಗಡಿಸೋ ಕೂಲಿಗಳು ಎರಡು ಮೂರು ದಿನದ ಜ್ವರಕ್ಕೆ ಸಾಯ್ತಿದ್ರು. ಉಸಿರಿನ ಜೊತೆ ಬೀಜಾಣು ಒಳಗೆ ಹೋಗ್ತಿತ್ತು. ಜಾನ್ ಹೆನ್ರಿ ಬೆಲ್ ಅನ್ನೋ ಅಲ್ಲಿನ ವೈದ್ಯ ಇದೂ ಆಂಥ್ರಾಕ್ಸೇ ಅಂತ ಹಿಡಿದು ಕೂತ. ಕೂಲಿಗಳ ಕಡೆಯಿಂದ ಗಲಾಟೆ ಆಯ್ತು. ಒಂದೊಂದಾಗಿ ನಿಯಮ ಬಂದವು: ಅಪಾಯದ ಉಣ್ಣೆಯನ್ನು ನೆನೆಸಿಯೇ ಬಿಚ್ಚಬೇಕು, ದೂಳು ಎಳೆಯೋಕೆ ಫ್ಯಾನ್ ಬೇಕು, ವಿಂಗಡಿಸೋ ಕೋಣೆಯಲ್ಲಿ ಊಟ ಮಾಡಬಾರದು. 1905ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಕೆಲಸದಲ್ಲಿದ್ದಾಗ ಈ ರೋಗಾಣು ಮೈಗೆ ಹೊಕ್ಕರೆ ಅದೂ ಅಪಘಾತವೇ, ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಇದೆಲ್ಲ ಸುಲಭಕ್ಕೆ ಆಗಲಿಲ್ಲ, ಬಿಳಿ ಕೂಲಿಗಳೂ ಸತ್ತೇ ಪಡೆದದ್ದು. ಅವರ ಬಗ್ಗೆ ನನಗೆ ಗೌರವ ಇದೆ.

ಈಗ ನಮ್ಮ ದೇಶ ಎಲ್ಲಿ ಬರುತ್ತೆ ನೋಡಿ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ಆಯ್ತು. ಭಾರತವೂ ಅದರಲ್ಲಿ ಸದಸ್ಯ ದೇಶ, ನಮ್ಮ ಕಾರ್ಮಿಕರ ಪರವಾಗಿ ಎನ್.ಎಂ. ಜೋಶಿ ಹೋಗಿದ್ರು. ಆ ಸಮ್ಮೇಳನದ ಮೂರನೇ ಶಿಫಾರಸು ಆಂಥ್ರಾಕ್ಸ್ ತಡೆಯೋದರ ಬಗ್ಗೆಯೇ ಇದೆ. ರೋಗಾಣು ಇರೋ ಉಣ್ಣೆಯನ್ನು ಕಳಿಸೋ ದೇಶದಲ್ಲೇ ಶುದ್ಧಿ ಮಾಡಬೇಕು, ಅದು ಆಗದಿದ್ದರೆ ಇಳಿಯೋ ಬಂದರಿನಲ್ಲಿ ಮಾಡಬೇಕು ಅಂತ. ಬ್ರಿಟನ್ ಎರಡನೇ ದಾರಿ ಹಿಡೀತು. ಲಿವರ್‌ಪೂಲ್ ಬಂದರಿನಲ್ಲಿ ಶುದ್ಧಿ ಮಾಡೋ ಕೇಂದ್ರ ಕಟ್ಟಿತು. 1921ರಿಂದ ಭಾರತದ ಮೇಕೆ ಕೂದಲು ಅಲ್ಲಿ ಫಾರ್ಮಾಲ್ಡಿಹೈಡ್‌ನಲ್ಲಿ ಮಿಂದು ಒಳಗೆ ಹೋಗ್ತಿತ್ತು.

ಅಂದ್ರೆ ನಮ್ಮ ಪ್ರಾಣಿಯ ಕೂದಲಿಗೆ ಲಿವರ್‌ಪೂಲ್‌ನಲ್ಲಿ ಸ್ನಾನ ಆಗ್ತಿತ್ತು. ಆ ಪ್ರಾಣಿಯನ್ನ ಇಲ್ಲಿ ಸುಲಿದವನಿಗೆ ಊರ ಬಾವಿ ನೀರೂ ಇರಲಿಲ್ಲ.

ಇಲ್ಲೂ ಕಾನೂನು ಬಂತು, ಬರಲಿಲ್ಲ ಅಂತಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರೋ ರೋಗಗಳ ಒಂದು ಸಣ್ಣ ಪಟ್ಟಿ ಇತ್ತು. ಸೀಸದ ವಿಷದ ಜೊತೆಗೆ ಆಂಥ್ರಾಕ್ಸ್ ಕೂಡ ಅದರಲ್ಲಿ ಇತ್ತು. ಆಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲೂ ಬಂತು: ಕಾರ್ಖಾನೆಯಲ್ಲಿ ಯಾರಿಗಾದ್ರೂ ಆಂಥ್ರಾಕ್ಸ್ ಬಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕು. ಆದರೆ ಈ ಕಾನೂನುಗಳಿಗೆಲ್ಲ ಒಂದು ಬಾಗಿಲಿದೆ. ಒಳಗೆ ಹೋಗಬೇಕಾದ್ರೆ ನಿನಗೊಬ್ಬ ಮಾಲೀಕ ಇರಬೇಕು, ಕೂಲಿ ಇರಬೇಕು. ನಮ್ಮ ತಾತನಿಗೆ ಮಾಲೀಕ ಯಾರು? ದನದ ಯಜಮಾನ "ನಾನು ಕೂಲಿಗೆ ಕರೆದಿಲ್ಲ, ಅದು ಅವರ ಹಕ್ಕು, ಚರ್ಮ ಅವರೇ ತಗೋತಾರೆ" ಅಂತಿದ್ದ. ಊರು ಅಂತಿತ್ತು, "ಅದು ಅವರ ಪದ್ಧತಿ." ಸುಗ್ಗಿಯಲ್ಲಿ ಕಣದ ಅಂಚಲ್ಲಿ ಕಾದು ಕೂತರೆ ಒಂದಿಷ್ಟು ಆಯ ಸಿಗ್ತಿತ್ತು. ಅದನ್ನ ಕೂಲಿ ಅನ್ನೋಕೂ ಬರಲ್ಲ, ಭಿಕ್ಷೆ ಅನ್ನೋಕೂ ಬರಲ್ಲ.

ಆ ಚರ್ಮ ಮಾತ್ರ ಊರಿಗೆಲ್ಲ ಬೇಕಿತ್ತು. ಕಪಿಲೆಯ ತೊಗಲ ಚೀಲ, ನೇಗಿಲಿನ ಮಿಣಿ, ಬಾರುಕೋಲು, ಮೆಟ್ಟು, ದೇವರ ಮುಂದಿನ ತಮಟೆ. ತಂಗಡಿ ಚಕ್ಕೆ, ಸುಣ್ಣದ ನೀರಲ್ಲಿ ಕೈಯಿಟ್ಟು ಹದ ಮಾಡಿದವರ ಬೆರಳು ಒಡೆದಿರ್ತಿತ್ತು. ಒಡೆದ ಬೆರಳಲ್ಲೇ ಮುಂದಿನ ದನ ಸುಲೀಬೇಕು. ರೋಗಾಣು ಒಳಗೆ ಹೋಗೋಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಈ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯ ಅನ್ಸೋದು 1927ರ ಮಹಾಡ್. ಚೌದಾರ್ ಕೆರೆಯ ನೀರು ಎಲ್ಲರಿಗೂ ನೆನಪಿದೆ. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು ಬಿಡಿ, ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟದ್ದನ್ನ ನಾವು ಅಷ್ಟಾಗಿ ಮಾತಾಡಲ್ಲ. ಕೆಲವರು ಇದನ್ನ ಮೇಲ್ಜಾತಿಯ ಅನುಕರಣೆ ಅಂತ ಓದ್ತಾರೆ. ನನಗೆ ಒಪ್ಪಿಗೆ ಇಲ್ಲ. ಗೋಮಾಂಸ ತಿನ್ನೋದು ನಮ್ಮ ಆಹಾರದ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಕೊಯ್ದ ಮಾಂಸ ಬೇರೆ, ರೋಗ ಬಂದು ತಾನಾಗಿ ಸತ್ತದ್ದನ್ನ ಹಸಿವಿಗೆ ತಿನ್ನಿಸಿದ್ದು ಬೇರೆ. ಬಾಬಾಸಾಹೇಬರ ಒತ್ತು ಸ್ವಾಭಿಮಾನದ ಮೇಲಿತ್ತು, ರೋಗಾಣುವಿನ ಮೇಲಲ್ಲ. ಆದರೂ ಒಬ್ಬ ಕಾರ್ಮಿಕ ಹೋರಾಟಗಾರನ ಕಣ್ಣಿಂದ ಓದಿ: ಅಪಾಯದ ಕೆಲಸವನ್ನು ಮಾಡಲ್ಲ ಅನ್ನೋ ಹಕ್ಕು ಅದು. ಪರಿಹಾರ ಕೊಡಿ, ಕೈಗವಸು ಕೊಡಿ ಅಂತ ಕೇಳೋಕೆ ಮಾಲೀಕನೇ ಇಲ್ಲದಾಗ ಕೆಲಸ ನಿಲ್ಲಿಸೋದೊಂದೇ ಉಳಿದಿದ್ದ ಸುರಕ್ಷತೆ.

ಮರುವರ್ಷ, 1928ರಲ್ಲಿ, ಅವರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ವಿರುದ್ಧ ಮಸೂದೆ ತಂದರು. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ತುಂಡು ಇನಾಮು ಭೂಮಿ ಕೊಟ್ಟು ಇಡೀ ಮನೆತನವನ್ನೇ ಹಗಲು ರಾತ್ರಿ ದುಡಿಸ್ಕೊಳ್ಳೋ ವ್ಯವಸ್ಥೆ ಅದು. ಹಳೇ ಮೈಸೂರಿನ ತೋಟಿ, ತಳವಾರಿಕೆ ಕಾನೂನಿನ ಪುಸ್ತಕದಿಂದ ಹೋಗೋಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆವರೆಗೆ ಕಾಯಬೇಕಾಯ್ತು. ಇದೇ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು ಅನ್ನೋದನ್ನೂ ಇದರ ಜೊತೆಗೆ ಇಟ್ಟು ನೋಡಿ. ಕೇರಿಯ ಹೋರಾಟ ಬೇರೆ, ಕಾರ್ಖಾನೆಯ ಹೋರಾಟ ಬೇರೆ ಅಂತ ಅವರು ಅಂದ್ಕೊಂಡಿರಲಿಲ್ಲ. ಹಾಗೆ ಅಂದ್ಕೊಂಡದ್ದು ನಮ್ಮ ಯೂನಿಯನ್ನುಗಳು.

ಅಸ್ಪೃಶ್ಯತೆಯ ಹೆಸರಲ್ಲಿ ಸತ್ತ ಪ್ರಾಣಿ ಎತ್ತಿಸೋದು, ಸುಲಿಸೋದು ಅಪರಾಧ ಅಂತ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಗೆ 7ಎ ಸೇರಿದ್ದು 1976ರಲ್ಲಿ. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಇನ್ನೂ ನೇರ: ಪರಿಶಿಷ್ಟ ಜಾತಿ, ಪಂಗಡದವರಿಂದ ಮನುಷ್ಯರ ಅಥವಾ ಪ್ರಾಣಿಗಳ ಹೆಣ ಹೊರಿಸಿದರೆ, ವಿಲೇವಾರಿ ಮಾಡಿಸಿದರೆ, ಗುಂಡಿ ತೋಡಿಸಿದರೆ 3(1)(ಐ) ಪ್ರಕಾರ ಆರು ತಿಂಗಳಿಂದ ಐದು ವರ್ಷ ಜೈಲು. ಈ ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಅದೇ ವರ್ಷ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನ ಸುಲೀತಿದ್ದ ನಮ್ಮ ಹುಡುಗರನ್ನ ಗಾಡಿಗೆ ಕಟ್ಟಿ ಹೊಡೆದರು. ಸುಲಿಯದಿದ್ದರೆ ಊರು ಬಿಡಲ್ಲ, ಸುಲಿದರೆ ಗೋರಕ್ಷಕರು ಬಿಡಲ್ಲ. ಊನಾದ ನಂತರ ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರಲ್ಲ, ಮಹಾಡಿನ ಮಾತು ತೊಂಬತ್ತು ವರ್ಷದ ಹತ್ತಿರ ಹತ್ತಿರ ಅಲ್ಲಿಗೆ ಬಂದು ಮುಟ್ಟಿತ್ತು.

ಈಗ ಹೊಸ ಕಾನೂನು ಬಂದಿದೆ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಸಂಹಿತೆ. ಅದರ ರೋಗಗಳ ಪಟ್ಟಿಯಲ್ಲೂ ಆಂಥ್ರಾಕ್ಸ್ ಇದೆ. ಆದರೆ ಸಾಮಾನ್ಯವಾಗಿ ಹತ್ತು ಜನ ಕೆಲಸಗಾರರು ಇರೋ ಜಾಗ ಮಾತ್ರ ಅದರ ಲೆಕ್ಕಕ್ಕೆ ಬರುತ್ತೆ. ಸತ್ತ ಎಮ್ಮೆ ಎತ್ತೋಕೆ ಹತ್ತು ಜನ ಎಲ್ಲಿ ಹೋಗ್ತಾರೆ? ಟ್ರ್ಯಾಕ್ಟರ್ ಹಿಂದೆ ಇಬ್ಬರು, ಹೆಚ್ಚಂದ್ರೆ ಮೂವರು. ಪಟ್ಟಣದಲ್ಲಾದ್ರೆ ಗುತ್ತಿಗೆಯವರು, ಯಾವ ಕೇರಿಯವರು ಅಂತ ನಾನು ಹೇಳಬೇಕಾಗಿಲ್ಲ.

ನಮ್ಮ ಹುಡುಗರಿಗೆ ಇಷ್ಟು ಹೇಳಿ. ದನ ದಿಢೀರ್ ಸತ್ತಿದ್ದರೆ, ಮೂಗಲ್ಲಿ ರಕ್ತ ಇದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಚರ್ಮ ಎಷ್ಟೇ ರೇಟಿಗೆ ಹೋಗಲಿ. ಪಶು ಆಸ್ಪತ್ರೆಗೆ ಫೋನ್ ಮಾಡಿಸಿ, ಮಾಡಬೇಕಾದ್ದು ದನದ ಯಜಮಾನ. ಈಗಾಗಲೇ ಮುಟ್ಟಿದ್ದರೆ, ಮೈಮೇಲೆ ನೋವಿಲ್ಲದ ಕಪ್ಪು ಗುಳ್ಳೆ ಎದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ, ಸತ್ತ ದನ ಮುಟ್ಟಿದ್ದೆ ಅಂತ ನಾಚಿಕೆ ಪಡದೆ ಹೇಳಿ. ಬೇಗ ಹೋದರೆ ಮಾಮೂಲಿ ಆಂಟಿಬಯೋಟಿಕ್‌ನಲ್ಲೇ ವಾಸಿಯಾಗುತ್ತೆ. ಎಷ್ಟೋ ಜನ ಆ ಒಂದು ಮಾತು ಹೇಳೋಕೆ ಹಿಂಜರಿದೇ ತಡ ಮಾಡ್ತಾರೆ.

2022ರಲ್ಲಿ ಚರ್ಮಗಂಟು ರೋಗ ಬಂದು ದನ ಸತ್ತವಲ್ಲ, ಅದು ಮನುಷ್ಯರಿಗೆ ಅಂಟೋ ರೋಗ ಅಲ್ಲ, ಸರಿ. ಆದರೆ ಆಗ ನಿಮ್ಮೂರಲ್ಲಿ ಗುಂಡಿ ತೋಡಿದವರು ಯಾರು? ಕೈಗವಸು ಕೊಟ್ಟಿದ್ದರಾ? ಕೂಲಿ ಎಷ್ಟು, ಕೊಟ್ಟೋರು ಯಾರು? ಕಮೆಂಟಿನಲ್ಲಿ ಊರು, ತಾಲ್ಲೂಕು ಹಾಕಿ ಬರೀರಿ. ವ್ಯಕ್ತಿಗಳ ಹೆಸರು ಬೇಡ.

ಜೈ ಭೀಮ್.