ಮರೆಯಲೊಲ್ಲದ ಉಗ್ರಾಣ

1974ರ ಜೂನ್ 26ರ ಬೆಳಿಗ್ಗೆ ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ರಿಗ್ಲೀಸ್ ಚ್ಯೂಯಿಂಗ್ ಗಮ್‌ನ ಒಂದು ಕಟ್ಟು ಮಾರಾಟವಾಯಿತು. ಬೆಲೆ 67 ಸೆಂಟ್. ಇವತ್ತು ಎಲ್ಲ ಅಂಗಡಿಗಳಲ್ಲೂ ಕಾಣುವ ಬಗೆಯ ಬಾರ್‌ಕೋಡನ್ನು ಗಲ್ಲಾದ ಬಳಿ ಯಂತ್ರ ಓದಿ ಬಿಲ್ ಮಾಡಿದ ಮೊದಲ ಸರಕು ಅದು. ಗಿರಾಕಿಗಳ ಸಾಲು ಬೇಗ ಕರಗಲಿ, ಬೆಲೆ ಒತ್ತುವಾಗ ತಪ್ಪಾಗದಿರಲಿ ಎಂಬುದಷ್ಟೇ ಆ ಕಪ್ಪು ಗೆರೆಗಳ ಉದ್ದೇಶವಾಗಿತ್ತು. ಆದರೆ ಅವುಗಳಿಂದ ಇನ್ನೊಂದು ದೊಡ್ಡ ಬದಲಾವಣೆಯಾಯಿತು. ಅಲ್ಲಿಯವರೆಗೆ ದಿನದ ಕೊನೆಗೆ ಗಲ್ಲಾದಲ್ಲಿ ಎಷ್ಟು ಹಣ ಕೂಡಿತು ಎನ್ನುವುದು ಮಾಲೀಕನಿಗೆ ನಿಖರವಾಗಿ ತಿಳಿಯುತ್ತಿತ್ತು. ಯಾವ ಸರಕು, ಎಷ್ಟು ಗಂಟೆಗೆ, ಮತ್ತ್ಯಾವುದರ ಜೊತೆಯಲ್ಲಿ ಹೋಯಿತು ಎನ್ನುವುದು ಮಾತ್ರ ಅವನ ಅನುಭವಕ್ಕೆ, ಅಂದಾಜಿಗೆ ಬಿಟ್ಟ ವಿಷಯವಾಗಿತ್ತು. ಬಾರ್‌ಕೋಡ್ ಬಂದ ಮೇಲೆ ಮಾರಾಟವಾದ ಒಂದೊಂದು ಸಾಬೂನೂ ತನ್ನ ಗುರುತು ಬಿಟ್ಟು ಹೋಗತೊಡಗಿತು.

ಈ ಗುರುತುಗಳನ್ನೆಲ್ಲ ಎಲ್ಲಿಡುವುದು? ಇಟ್ಟು ಏನು ಮಾಡುವುದು? ಡೇಟಾ ವೇರ್‌ಹೌಸ್ ಅಥವಾ ದತ್ತಾಂಶ ಉಗ್ರಾಣದ ಇತಿಹಾಸ ಈ ಎರಡು ಪ್ರಶ್ನೆಗಳ ಸುತ್ತ ಬೆಳೆದದ್ದು.

ಕಿರ್ದಿ ಬೇರೆ, ಖಾತೆ ಬೇರೆ

ನಮ್ಮ ಹಳೆಯ ಅಂಗಡಿಗಳ ಲೆಕ್ಕ ಬಲ್ಲವರಿಗೆ ಇದರ ತಿರುಳು ಹೊಸದಲ್ಲ. ಅಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ನಡೆದಂತೆ ಬರೆದುಕೊಳ್ಳುವುದು. ಆಮೇಲೆ ಬಿಡುವಾದಾಗ ಅದನ್ನೇ ವ್ಯಕ್ತಿವಾರು, ಬಾಬುವಾರು ಖಾತೆಗೆ ಏರಿಸುವುದು. ಕಿರ್ದಿ ಬರೆಯಲು ವೇಗ ಬೇಕು. ಖಾತೆ ನೋಡಲು ವ್ಯವಧಾನ ಬೇಕು. ಗಿರಾಕಿ ಎದುರು ನಿಂತಿರುವಾಗ ಕಳೆದ ಮೂರು ವರ್ಷಗಳ ದೀಪಾವಳಿ ವ್ಯಾಪಾರವನ್ನು ಕಿರ್ದಿಯ ಪುಟ ತಿರುವಿ ಕೂಡಿಸಹೊರಟರೆ ಅಂಗಡಿ ನಡೆಯುವುದಿಲ್ಲ.

ಕಂಪ್ಯೂಟರ್ ಬಂದ ಮೇಲೂ ಕಂಪನಿಗಳನ್ನು ಕಾಡಿದ್ದು ಇದೇ ತೊಡಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಾಗಿ ಜೋಡಿಸುವ ರಿಲೇಷನಲ್ ಮಾದರಿಯನ್ನು ಮಂಡಿಸಿದರು. ಅದನ್ನು ಆಧರಿಸಿದ ಡೇಟಾಬೇಸ್‌ಗಳು ಮುಂದೆ ಬ್ಯಾಂಕು, ವಿಮೆ, ಅಂಗಡಿ ಎಲ್ಲೆಡೆ ಹಬ್ಬಿದವು. ಅವು ಒಳ್ಳೆಯ ಕಿರ್ದಿಗಳಾಗಿದ್ದವು. ಆದರೆ ಮೇಲಧಿಕಾರಿಯೊಬ್ಬ ಐದು ವರ್ಷದ ಮಾರಾಟವನ್ನು ಪ್ರಾಂತ್ಯವಾರು ಕೇಳಿದರೆ, ಅದೇ ಯಂತ್ರ ಆ ಲೆಕ್ಕದಲ್ಲಿ ಮುಳುಗಿ ಇತ್ತ ಗಲ್ಲಾದ ಕೆಲಸ ನಿಧಾನವಾಗುತ್ತಿತ್ತು. ಮೇಲಾಗಿ ಒಂದು ಕಂಪನಿಯಲ್ಲಿ ಒಂದೇ ಕಿರ್ದಿ ಇರಲಿಲ್ಲ. ಮಾರಾಟದ್ದೊಂದು, ದಾಸ್ತಾನಿನದೊಂದು, ಸಂಬಳದ್ದೊಂದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

1988ರಲ್ಲಿ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಎಂಬಿಬ್ಬರು ‘ಐಬಿಎಂ ಸಿಸ್ಟಮ್ಸ್ ಜರ್ನಲ್’ನಲ್ಲಿ ಒಂದು ಲೇಖನ ಬರೆದರು. ಐಬಿಎಂನ ಯುರೋಪ್ ಕಡೆಯ ವಹಿವಾಟಿಗಾಗಿ ಮಾಡಿದ ವಿನ್ಯಾಸವನ್ನು ವಿವರಿಸುವ ಆ ಲೇಖನದಲ್ಲಿ ‘ಬಿಸಿನೆಸ್ ಡೇಟಾ ವೇರ್‌ಹೌಸ್’ ಎಂಬ ಮಾತು ಬರುತ್ತದೆ. ದಿನದ ವ್ಯವಹಾರದ ಯಂತ್ರಗಳಿಂದ ಮಾಹಿತಿಯನ್ನು ಹೊರತೆಗೆದು, ಪ್ರತ್ಯೇಕವಾದ ಒಂದು ಕಡೆ ಒಟ್ಟುಮಾಡಿ, ಪ್ರಶ್ನೆಗಳನ್ನೆಲ್ಲ ಅಲ್ಲಿಯೇ ಕೇಳಬೇಕೆಂಬುದು ಅದರ ಸಾರ. ಖಾತೆ ಪುಸ್ತಕ ಮತ್ತೆ ಹುಟ್ಟಿತು.

ಒಳಗೆ ನಡೆಯುವುದೇನು?

1990ರ ದಶಕದ ಆರಂಭದಲ್ಲಿ ಬಿಲ್ ಇನ್‌ಮನ್ ತಮ್ಮ ಪುಸ್ತಕದಲ್ಲಿ ಈ ಉಗ್ರಾಣಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು. ಅದು ಇಲಾಖೆಗಳನ್ನಲ್ಲ, ಗಿರಾಕಿ, ಸರಕು, ಮಾರಾಟ ಮುಂತಾದ ವಿಷಯಗಳನ್ನು ಅನುಸರಿಸಿ ಜೋಡಿಸಿದ್ದಾಗಿರಬೇಕು. ಬೇರೆ ಬೇರೆ ಮೂಲಗಳಿಂದ ಬಂದದ್ದು ಒಂದೇ ಅಳತೆಗೆ, ಒಂದೇ ಹೆಸರಿಗೆ ಒಗ್ಗಿರಬೇಕು. ಪ್ರತಿಯೊಂದಕ್ಕೂ ಕಾಲದ ಮುದ್ರೆ ಇರಬೇಕು. ಒಮ್ಮೆ ಒಳಗೆ ಬಂದದ್ದನ್ನು ತಿದ್ದಬಾರದು, ಅಳಿಸಬಾರದು. ಕಿರ್ದಿಯ ಯಂತ್ರದಲ್ಲಿ ಗಿರಾಕಿ ಮನೆ ಬದಲಿಸಿದರೆ ಹಳೆಯ ವಿಳಾಸದ ಮೇಲೆ ಹೊಸದನ್ನು ಬರೆದುಬಿಡುತ್ತಾರೆ. ಉಗ್ರಾಣದಲ್ಲಿ ಹಳೆಯದೂ ಉಳಿಯಬೇಕು, ಹೊಸದೂ ಸೇರಬೇಕು. ಯಾವ ತಾರೀಖಿನಿಂದ ಯಾವುದು ನಿಜ ಎಂಬ ಗುರುತೂ ಇರಬೇಕು. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿದ್ದಾಗ ಆತ ಕೊಂಡದ್ದೆಲ್ಲ ಈಗ ಮಂಗಳೂರಿನ ವ್ಯಾಪಾರವಾಗಿ ಕಾಣುತ್ತದೆ.

ಒಳಗೆ ತರುವ ಕೆಲಸಕ್ಕೆ ಮೂರು ಹಂತ: ಮೂಲದಿಂದ ತೆಗೆಯುವುದು, ಹಸನು ಮಾಡುವುದು, ತುಂಬುವುದು. ಬೆವರಿಳಿಯುವುದು ನಡುವಿನ ಹಂತದಲ್ಲಿ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದದ್ದನ್ನು ನೆನೆಯಿರಿ. ಗುಲ್ಬರ್ಗ ಕಲಬುರಗಿಯಾಯಿತು, ಬೆಲ್ಗಾಂ ಬೆಳಗಾವಿಯಾಯಿತು, ಬ್ಯಾಂಗಲೋರ್ ಬೆಂಗಳೂರಾಯಿತು. ನಮಗೆ ಅದು ನಾಲಗೆಯ ಮೇಲಿದ್ದ ಹೆಸರಿಗೆ ಸಂದ ಮನ್ನಣೆ. ಯಂತ್ರಕ್ಕೆ ಮಾತ್ರ ಗುಲ್ಬರ್ಗ ಒಂದು ಊರು, ಕಲಬುರಗಿ ಇನ್ನೊಂದು ಊರು. ಇವೆರಡೂ ಒಂದೇ ಎಂದು ಯಾರಾದರೂ ಕೂತು ಹೇಳಿಕೊಡದಿದ್ದರೆ, ಒಂದು ಊರಿನ ವ್ಯಾಪಾರ ಸತ್ತು ಇನ್ನೊಂದು ಊರು ಏಕಾಏಕಿ ಹುಟ್ಟಿದಂತೆ ವರದಿ ಬರುತ್ತದೆ. ಉಗ್ರಾಣ ಕಟ್ಟುವವರ ದಿನಗಳು ಬಹಳಷ್ಟು ಕಳೆಯುವುದು ಇಂಥ ಜೊಳ್ಳು ತೂರುವುದರಲ್ಲೇ. ಈ ಕೆಲಸದ ದೊಡ್ಡ ಪಾಲು ಬೆಂಗಳೂರಿಗೂ ಬಂತು. ಅಮೆರಿಕದ ಅಂಗಡಿಗಳು ಬಾಗಿಲು ಹಾಕಿದ ಮೇಲೆ ದಿನದ ಲೆಕ್ಕ ಉಗ್ರಾಣಕ್ಕೆ ಹರಿಯುವ ಹೊತ್ತು ನಮಗೆ ಹಗಲು.

ಒಳಗಿನ ಜೋಡಣೆಯ ಬಗ್ಗೆ ಪಂಡಿತರಲ್ಲಿ ಎರಡು ಪಂಥಗಳಾದವು. ಮೊದಲು ಇಡೀ ಸಂಸ್ಥೆಗೆ ಒಂದೇ ದೊಡ್ಡ ಉಗ್ರಾಣ ಕಟ್ಟಿ, ಅದರಿಂದ ವಿಭಾಗಗಳಿಗೆ ಅಳೆದು ಕೊಡಬೇಕೆಂಬುದು ಇನ್‌ಮನ್ ಮಾರ್ಗ. 1996ರಲ್ಲಿ ‘ದ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ ಬರೆದ ರಾಲ್ಫ್ ಕಿಂಬಲ್ ಅವರದು ಇನ್ನೊಂದು ದಾರಿ. ಒಂದೊಂದು ವ್ಯವಹಾರಕ್ಕೂ ಸಣ್ಣ ಕಣಜ ಕಟ್ಟುತ್ತ ಹೋಗಿ. ಆದರೆ ಎಲ್ಲ ಕಣಜಗಳಿಗೂ ದಿನ, ಸರಕು, ಅಂಗಡಿ ಎಂಬ ಅಳತೆಗಳು ಒಂದೇ ಇರಲಿ ಎಂದರು ಅವರು. ಅವರು ಹೇಳಿದ ಜೋಡಣೆಯಲ್ಲಿ ನಟ್ಟನಡುವೆ ಬಿಲ್ಲಿನ ಸಾಲುಗಳ ಉದ್ದನೆಯ ಕೋಷ್ಟಕ: ಎಷ್ಟು ಹೋಯಿತು, ಎಷ್ಟಕ್ಕೆ ಹೋಯಿತು. ಸುತ್ತಲೂ ಯಾವಾಗ, ಎಲ್ಲಿ, ಏನು, ಯಾರಿಗೆ ಎಂದು ವಿವರಿಸುವ ಸಣ್ಣ ಕೋಷ್ಟಕಗಳು. ಚಿತ್ರ ಬರೆದರೆ ನಕ್ಷತ್ರದಂತೆ ಕಾಣುವುದರಿಂದ ಅದಕ್ಕೆ ‘ಸ್ಟಾರ್ ಸ್ಕೀಮಾ’ ಎಂಬ ಹೆಸರು ಬಿತ್ತು. ಹಬ್ಬದ ವಾರದಲ್ಲಿ ಕರಾವಳಿಯ ಅಂಗಡಿಗಳಲ್ಲಿ ಎಷ್ಟು ಎಣ್ಣೆ ಮಾರಾಟವಾಯಿತು ಎಂದು ಮನುಷ್ಯ ಕೇಳುವ ರೀತಿಗೂ ಈ ಜೋಡಣೆಗೂ ಹೊಂದಿಕೆಯಿದೆ. ಅದು ಉಳಿದು ಬಂದದ್ದು ಅದಕ್ಕೇ.

ಬಿಯರು, ಡೈಪರು ಮತ್ತು ಒಂದು ದಂತಕಥೆ

ಉಗ್ರಾಣ ದೊಡ್ಡದಾದಂತೆ ಅದನ್ನು ಹುಡುಕಲು ಯಂತ್ರವೂ ದೊಡ್ಡದಾಗಬೇಕು. 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಟೆರಾಡೇಟಾ ಕಂಪನಿ ಒಂದೇ ಪ್ರಶ್ನೆಯನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿ ಏಕಕಾಲಕ್ಕೆ ಹುಡುಕಿಸುವ ಯಂತ್ರಗಳನ್ನು ಕಟ್ಟಿತು. ಒಂದು ಟೆರಾಬೈಟ್ ಅಂದರೆ ಲಕ್ಷ ಕೋಟಿ ಅಕ್ಷರಗಳಷ್ಟು ಜಾಗ. ಅಷ್ಟನ್ನು ನಿಭಾಯಿಸುವ ಕನಸನ್ನು ಅದು ತನ್ನ ಹೆಸರಿನಲ್ಲೇ ಇಟ್ಟುಕೊಂಡಿತ್ತು. 1992ರಲ್ಲಿ ವಾಲ್‌ಮಾರ್ಟ್‌ನಲ್ಲಿ ಆ ಕನಸು ನನಸಾಯಿತು.

ಅದೇ 1992ರಲ್ಲಿ ಟೆರಾಡೇಟಾದ ಥಾಮಸ್ ಬ್ಲಿಶಾಕ್ ನೇತೃತ್ವದ ತಂಡ ಓಸ್ಕೊ ಡ್ರಗ್ ಎಂಬ ಅಂಗಡಿ ಸರಣಿಯ ಸುಮಾರು 25 ಮಳಿಗೆಗಳ 12 ಲಕ್ಷ ಬಿಲ್ಲುಗಳನ್ನು ಜಾಲಾಡಿತು. ಸಂಜೆ 5ರಿಂದ 7ರ ನಡುವೆ ಬಿಯರ್ ಮತ್ತು ಮಕ್ಕಳ ಡೈಪರ್ ಒಟ್ಟಿಗೆ ಹೋಗುತ್ತಿವೆ ಎಂಬುದು ಅವರಿಗೆ ಕಂಡ ಸಂಗತಿಗಳಲ್ಲಿ ಒಂದು. ಅಷ್ಟೇ. ಅಂಗಡಿಯವರು ಅವೆರಡನ್ನೂ ಅಕ್ಕಪಕ್ಕ ಇಟ್ಟು ಲಾಭ ಮಾಡಿಕೊಳ್ಳಲಿಲ್ಲ. ಆದರೆ ಕಥೆ ಬಾಯಿಂದ ಬಾಯಿಗೆ ಹೋಗುತ್ತ ಕೈಕಾಲು ಬೆಳೆಸಿಕೊಂಡಿತು. ಕೆಲಸ ಮುಗಿಸಿ ಡೈಪರ್ ತರಲು ಬಂದ ಎಳೆಯ ಅಪ್ಪಂದಿರು ಅದರೊಳಗೆ ಬಂದರು. ವಾರವೊಂದು ಗೊತ್ತಾಗಿ ಶುಕ್ರವಾರವಾಯಿತು. ಅಂಗಡಿಯೂ ಬದಲಾಗಿ ಹಲವರ ಬಾಯಲ್ಲಿ ವಾಲ್‌ಮಾರ್ಟ್ ಆಯಿತು. ಕೊನೆಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾರಾಟ ಏರಿದ ಸುಖಾಂತವೂ ಸೇರಿತು. ಉಗ್ರಾಣ ಮಾರುವವರ ಬಾಯಲ್ಲಿ ಇದು ಪುರಾಣವಾಗಿ ಉಳಿಯಿತು.

ಈ ದಂತಕಥೆಯನ್ನು ಬರೀ ಸುಳ್ಳೆಂದು ತಳ್ಳಿಹಾಕುವ ಬದಲು ಅದು ಏಕೆ ಹುಟ್ಟಿತು ಎಂದು ಕೇಳಬೇಕು. ಎರಡು ಸರಕುಗಳು ಒಟ್ಟಿಗೆ ಹೋದವು ಎಂದು ಹೇಳುವುದರಲ್ಲಿ ಉಗ್ರಾಣದ ಮಾತು ಮುಗಿಯುತ್ತದೆ. ಏಕೆ ಎಂಬುದು ಅಲ್ಲಿಲ್ಲ. ಕಾರಣವಿಲ್ಲದ ಸಂಗತಿಯನ್ನು ಮನುಷ್ಯರ ಮನಸ್ಸು ಸಹಿಸದು. ಆ ಖಾಲಿ ಜಾಗದಲ್ಲಿ ದಣಿದ ಅಪ್ಪನೊಬ್ಬನನ್ನು ತಂದು ನಿಲ್ಲಿಸಿದ್ದು ನಾವು, ಯಂತ್ರವಲ್ಲ.

ಲಾಭ ಯಾರಿಗೆ, ನಷ್ಟ ಯಾರಿಗೆ

ಲಾಭ ನಿಜವಾದದ್ದೇ. 2004ರಲ್ಲಿ ಫ್ರಾನ್ಸಿಸ್ ಚಂಡಮಾರುತ ಫ್ಲೋರಿಡಾದ ಕಡೆ ಬರುತ್ತಿದ್ದಾಗ ವಾಲ್‌ಮಾರ್ಟ್ ಕೆಲವೇ ವಾರಗಳ ಹಿಂದೆ ಬೀಸಿದ್ದ ಚಾರ್ಲಿ ಚಂಡಮಾರುತದ ಹೊತ್ತಿನ ಬಿಲ್ಲುಗಳನ್ನು ತೆರೆದು ನೋಡಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನವೆಂಬರ್‌ನಲ್ಲಿ ಬರೆದಂತೆ, ಜನ ಟಾರ್ಚು, ಬ್ಯಾಟರಿಗಳ ಜೊತೆಗೆ ಸ್ಟ್ರಾಬೆರಿ ಪಾಪ್‌ಟಾರ್ಟ್ ಎಂಬ ತಿಂಡಿಯನ್ನು ಮಾಮೂಲಿನ ಏಳು ಪಟ್ಟು ಕೊಂಡಿದ್ದರು. ಬಿರುಗಾಳಿಗೆ ಮುಂಚೆ ಅತಿ ಹೆಚ್ಚು ಮಾರಾಟವಾದದ್ದು ಬಿಯರ್. ಒಲೆ ಹಚ್ಚದೆ ತಿನ್ನಬಹುದಾದ, ಕೆಡದ ತಿಂಡಿಯನ್ನು ತುಂಬಿಕೊಂಡ ಲಾರಿಗಳು ಗಾಳಿಗಿಂತ ಮುಂಚೆ ಆ ಊರುಗಳನ್ನು ತಲುಪಿದವು. ಆಗ ಆ ಕಂಪನಿಯ ಉಗ್ರಾಣದಲ್ಲಿ 460 ಟೆರಾಬೈಟ್ ಕೂಡಿತ್ತು. ಹಿಂದಿನದನ್ನು ಮರೆಯದವನು ಮುಂದಿನದಕ್ಕೆ ಸಿದ್ಧನಾಗಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೇಡದ ದಾಸ್ತಾನು ಕೊಳೆಯುವುದಿಲ್ಲ. ಇಲಾಖೆಗಳು ತಂತಮ್ಮ ಅಂಕಿಗಳನ್ನು ಹಿಡಿದು ಜಗಳವಾಡುವುದು ಕಡಿಮೆಯಾಗುತ್ತದೆ.

ಕೊರತೆಗಳೂ ಅಷ್ಟೇ ನಿಜ. ಕಟ್ಟುವುದಕ್ಕೆ ಹಣ ಬೇಕು, ವರ್ಷಗಳು ಬೇಕು. ಕಟ್ಟಿ ಮುಗಿಯುವಷ್ಟರಲ್ಲಿ ವ್ಯಾಪಾರದ ಪ್ರಶ್ನೆಗಳೇ ಬದಲಾಗಿರುತ್ತವೆ. ರಾತ್ರಿ ತುಂಬುವ ಉಗ್ರಾಣ ಬೆಳಿಗ್ಗೆ ಹೇಳುವುದು ನಿನ್ನೆಯ ಸುದ್ದಿ. ‘ಗಿರಾಕಿ’ ಎಂದರೆ ಯಾರು, ಬಿಲ್ ಪಾವತಿಸಿದವನೋ, ಸರಕು ಪಡೆದವನೋ? ವಾಪಸು ಬಂದ ಸರಕು ಮಾರಾಟವೋ ಅಲ್ಲವೋ? ಇಂಥ ಸಾಮಾನ್ಯ ಶಬ್ದಗಳ ಅರ್ಥ ತೀರ್ಮಾನವಾಗದೆ ಎಷ್ಟೋ ಯೋಜನೆಗಳು ನಿಂತುಹೋಗುತ್ತವೆ. ಎಲ್ಲಕ್ಕಿಂತ ಸೂಕ್ಷ್ಮವಾದ ಕೊರತೆ ಇನ್ನೊಂದಿದೆ: ಉಗ್ರಾಣಕ್ಕೆ ಬರುವುದು ನಡೆದ ವ್ಯಾಪಾರ ಮಾತ್ರ. ಬೇಕಾದದ್ದು ಸಿಗದೆ ಬರಿಗೈಯಲ್ಲಿ ಹಿಂದಿರುಗಿದವಳ ಹೆಸರಿನಲ್ಲಿ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಗಲ್ಲಾದ ಹಿಂದೆ ಕೂತ ಅಂಗಡಿಯವನಿಗಾದರೆ ಅವಳ ಮುಖ ನೆನಪಿರುತ್ತಿತ್ತು.

ಇನ್ನು ಅಧಿಕಾರದ ಪ್ರಶ್ನೆ. 1991ರಲ್ಲಿ ವಾಲ್‌ಮಾರ್ಟ್ ‘ರೀಟೇಲ್ ಲಿಂಕ್’ ಮೂಲಕ ಸರಬರಾಜುದಾರರಿಗೆ ಅವರವರ ಸರಕಿನ ಮಾರಾಟದ ವಿವರ ನೋಡಲು ಅವಕಾಶ ಕೊಟ್ಟಿತು. ಅದು ಉಪಕಾರವೂ ಹೌದು, ಹೊರೆಯೂ ಹೌದು. ಕಪಾಟು ಖಾಲಿಯಾದರೆ ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಬಹುದಲ್ಲ. 2001ರಲ್ಲಿ ಅದೇ ಕಂಪನಿ ನೀಲ್ಸನ್‌ನಂಥ ಮಾರುಕಟ್ಟೆ ಸಮೀಕ್ಷೆಯ ಸಂಸ್ಥೆಗಳಿಗೆ ತನ್ನ ಮಾರಾಟದ ಅಂಕಿಗಳನ್ನು ಕೊಡುವುದನ್ನೇ ನಿಲ್ಲಿಸಿತು. ದೇಶದ ಅತಿ ದೊಡ್ಡ ಅಂಗಡಿಯ ಲೆಕ್ಕ ಹೀಗೆ ಹೊರಗಿನವರ ಕಣ್ಣಿಗೆ ಮರೆಯಾಯಿತು. ಹಗೇವು ಯಾರ ಅಂಗಳದಲ್ಲಿದೆಯೋ ಬರಗಾಲದಲ್ಲಿ ಅವರದೇ ಮಾತು ನಡೆಯುತ್ತದೆಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗಿರಾಕಿಯ ಪಾಲಿಗೆ ಇದು ಇನ್ನೂ ಹತ್ತಿರದ ವಿಷಯ. ಬಿಲ್ಲಿಗೆ ಕಾರ್ಡು, ಫೋನ್ ನಂಬರು ಅಂಟಿಕೊಂಡ ದಿನದಿಂದ ಸರಕಿನ ಜೊತೆ ಮನುಷ್ಯನೂ ಉಗ್ರಾಣ ಸೇರಿದ. ಟಾರ್ಗೆಟ್ ಎಂಬ ಅಮೆರಿಕನ್ ಕಂಪನಿ ಸುಮಾರು 25 ಸರಕುಗಳ ಖರೀದಿ ನೋಡಿ ಯಾವ ಗಿರಾಕಿ ಗರ್ಭಿಣಿಯಾಗಿರಬಹುದು ಎಂದು ಅಂದಾಜು ಕಟ್ಟುತ್ತಿತ್ತೆಂಬ ಸಂಗತಿ 2012ರಲ್ಲಿ ಹೊರಬಂದಾಗ ಜನ ಬೆಚ್ಚಿದರು. ಆಕೆ ಮನೆಯವರಿಗೆ ಹೇಳುವ ಮೊದಲೇ ಅಂಗಡಿಗೆ ತಿಳಿದಿರಬಹುದು ಎಂಬುದು ಆ ಭಯದ ತಿರುಳು.

ಈಚಿನ ಹದಿನೈದು ವರ್ಷಗಳಲ್ಲಿ ಉಗ್ರಾಣಗಳು ಮೋಡಕ್ಕೆ ಏರಿವೆ. ಗೂಗಲ್‌ನ ಬಿಗ್‌ಕ್ವೆರಿ, ಅಮೆಜಾನ್‌ನ ರೆಡ್‌ಶಿಫ್ಟ್, 2012ರಲ್ಲಿ ಹುಟ್ಟಿದ ಸ್ನೋಫ್ಲೇಕ್ ಬಂದ ಮೇಲೆ ಯಂತ್ರ ಕೊಳ್ಳಬೇಕಿಲ್ಲ, ಬಾಡಿಗೆ ಕೊಟ್ಟರೆ ಸಾಕು. ಸಣ್ಣ ಕಂಪನಿಗಳಿಗೂ ಬಾಗಿಲು ತೆರೆಯಿತು. ಜೊತೆಗೆ, ಅಜಾಗರೂಕತೆಯಿಂದ ಕೇಳಿದ ಒಂದೊಂದು ಪ್ರಶ್ನೆಗೂ ತಿಂಗಳ ಕೊನೆಗೆ ಬಿಲ್ ಬರತೊಡಗಿತು. ಇಡುವುದು ಅಗ್ಗವಾದಷ್ಟೂ ಎಸೆಯುವ ಯೋಚನೆ ಯಾರಿಗೂ ಬಾರದಾಯಿತು.

ಸರಿಯಾಗಿ ಈ ಹೊತ್ತಿಗೆ ಕಾನೂನು ಬೇರೆಯೇ ಮಾತಾಡುತ್ತಿದೆ. 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಮತ್ತು 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಎರಡೂ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಷರತ್ತುಗಳೊಂದಿಗೆ ವ್ಯಕ್ತಿಗೆ ಕೊಡುತ್ತವೆ. ಒಳಗೆ ಬಂದದ್ದನ್ನು ಅಳಿಸಬಾರದೆಂಬ ಲಕ್ಷಣವನ್ನೇ ಬುನಾದಿಯಾಗಿಟ್ಟು ಮೂರು ದಶಕ ಕಟ್ಟಿದ ಉಗ್ರಾಣಗಳು ಈಗ ಮರೆಯುವುದನ್ನು ಕಲಿಯಬೇಕಾಗಿದೆ. ಒಬ್ಬ ವ್ಯಕ್ತಿಯ ಗುರುತು ಎಷ್ಟು ಕೋಷ್ಟಕಗಳಲ್ಲಿ, ಎಷ್ಟು ನಕಲುಗಳಲ್ಲಿ ಹರಡಿದೆ ಎಂದು ಹುಡುಕಿ ತೆಗೆಯುವುದು ಕೂಡಿಡುವುದಕ್ಕಿಂತ ಕಷ್ಟದ ಕೆಲಸವೆಂದು ಎಂಜಿನಿಯರುಗಳಿಗೆ ಗೊತ್ತಾಗುತ್ತಿದೆ. ನಮ್ಮ ಹಳೆಯ ಅಂಗಡಿಯಲ್ಲಿ ಸಾಲ ತೀರಿದ ಖಾತೆಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ಆ ಗೆರೆ ಎಲ್ಲಿ, ಯಾರು, ಯಾವಾಗ ಎಳೆಯಬೇಕೆಂಬುದೇ ಇನ್ನು ಮುಂದಿನ ಉಗ್ರಾಣದ ಪ್ರಶ್ನೆ.